ಎರಡನೆಯದು

ಎಲ್ಲವೂ ಎರಡೆರಡು ಇರಲಿ, ಟೆರೆನ್ಸ್.
ಎರಡು ಲ್ಯಾಪ್‌ಟಾಪ್, ಒಂದರ ಬೆನ್ನಿಗೆ ಇನ್ನೊಂದರ ಉಸಿರು,
ಎರಡು ಪ್ರೊಜೆಕ್ಟರ್ ದೀಪ, ಪ್ರತಿ ಅಳತೆಯ ಕೇಬಲ್ಲು ಜೋಡಿ,
ನೆಲಕ್ಕಂಟಿಸುವ ಕರಿ ಟೇಪು ಮಾತ್ರ ಮೂರು ಸುರುಳಿ:
ಜೂರಿಯಲ್ಲೊಬ್ಬರು ವೈರಿಗೆ ಎಡವಿದರೆ
ಕೇಸು ಅಲ್ಲೇ ಅರ್ಧ ಸೋತ ಹಾಗೆ.

ಈ ಕೋಣೆ ಮೊದಲು ಹಳೇ ಫೈಲುಗಳ ಉಗ್ರಾಣ.
ನನಗಿಂತ ಮುಂಚೆ ಎಮ್ಮೆಟ್ ಇದ್ದ.
ದಪ್ಪ ರಟ್ಟಿಗೆ ನಕ್ಷೆ ಅಂಟಿಸಿ, ಬಗಲಲ್ಲಿಟ್ಟುಕೊಂಡು,
ಹಿಮದಲ್ಲಿ ಕೋರ್ಟಿಗೆ ನಡೆಯುತ್ತಿದ್ದ;
ಮಾಮೀ ನದಿಯ ಗಾಳಿಗೆ ಒಮ್ಮೆ
ಒಂದು ಕ್ರೇನಿನ ಅಪಘಾತ ಪೂರ್ತಿ ಹಾರಿಹೋಗಿತ್ತಂತೆ.

ಪಾಲುದಾರರು ವರ್ಷಕ್ಕೊಮ್ಮೆ ಇಳಿದು ಬಂದು ಕೇಳುತ್ತಾರೆ:
ಗುಂಡಿ ಒತ್ತಲು ಸಂಬಳದ ಮನುಷ್ಯ ಯಾಕೆ?
ನಾನು ಪಟ್ಟಿ ಕೊಡುತ್ತೇನೆ. ಉತ್ತರ ಪಟ್ಟಿಯಲ್ಲಿಲ್ಲ.

ಹೋದ ನವೆಂಬರ್. ಗಾಜಿನ ಕಾರ್ಖಾನೆ ನಮ್ಮ ಕಕ್ಷಿದಾರ.
ಕ್ಯಾಸಿಮಿರ್ ಯಾನಿಕ್, ಮೂವತ್ತೊಂದು ವರ್ಷ
ಅಲ್ಲಿ ಮರಳು ತೂಗಿದವನು,
ವಿಚಾರಣೆಯ ದಿನಕ್ಕೆ ಉಳಿಯಲಾರೆನೆಂದು ಗೊತ್ತಿದ್ದೇ
ಕ್ಯಾಮೆರಾದೆದುರು ಕೂತು ಹೇಳಿಕೆ ಕೊಟ್ಟವನು.
ಉಳಿಯಲಿಲ್ಲ.

ನಮ್ಮ ತುಣುಕುಗಳನ್ನು ಕತ್ತರಿಸಿದ್ದು ನಾನೇ.
ಪುಟ ನಲವತ್ತೊಂದು, ಒಂಬತ್ತನೇ ಸಾಲಿನಿಂದ ಹದಿನಾಲ್ಕು:
'ಮಾಸ್ಕು ಕೊಟ್ಟಿದ್ದರೇ?' 'ಕೊಟ್ಟಿದ್ದರು.'
ಅಲ್ಲಿಗೆ ಕಟ್.
ಹದಿನೈದನೇ ಸಾಲಿಗೆ ಮೊದಲು ಅವನು ಕೆಮ್ಮುತ್ತಾನೆ,
ನಲವತ್ತು ಸೆಕೆಂಡು. ಬೆರಳಚ್ಚಿನ ಪ್ರತಿಯಲ್ಲಿ ಕೆಮ್ಮಿಗೆ ಸಾಲಿಲ್ಲ,
ಸಾಲಿಲ್ಲದ್ದಕ್ಕೆ ಸಂಖ್ಯೆಯಿಲ್ಲ, ಸಂಖ್ಯೆಯಿಲ್ಲದ್ದು
ನಮ್ಮ ತಂತ್ರಾಂಶಕ್ಕೆ ಕಾಣುವುದಿಲ್ಲ.
ನನಗೆ ಕಂಡಿತ್ತು. ಮೂರು ರಾತ್ರಿ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅದರ ಅಂಚು ಹುಡುಕಿದ್ದೆ,
ಕತ್ತರಿ ಬಿದ್ದದ್ದು ಗೊತ್ತಾಗದ ಹಾಗೆ.

ಆ ಕಡೆಯ ವಕೀಲ ನಜೀಬ್ ಸಾಬಾ, ಒಬ್ಬನೇ.
ಮಗಳ ಸ್ಟಿಕ್ಕರು ಅಂಟಿದ ಲ್ಯಾಪ್‌ಟಾಪು, ಒಂದೇ ಒಂದು ಕೇಬಲ್ಲು.
ಅವನ ಸರದಿ ಬಂತು. ಪರದೆ ನೀಲಿ.
ಮತ್ತೆ ಚುಚ್ಚಿದ. ನೀಲಿ.
ನ್ಯಾಯಾಧೀಶೆ ಗಡಿಯಾರ ನೋಡಿದರು: 'ಐದು ನಿಮಿಷ, ವಕೀಲರೇ.
ಆಮೇಲೆ ಓದಿ ಹೇಳಿಬಿಡಿ.'

ಓದಿದರೆ ಕೆಮ್ಮು ಎಲ್ಲಿಂದ ಬರಬೇಕು?

ಹಾವೂ ಸಾಯದ ಕೋಲೂ ಮುರಿಯದ ಲೆಕ್ಕ
ನಮ್ಮ ಮೇಜಿನ ಮೇಲೆ ಸದ್ದಿಲ್ಲದೆ ನಡೆದಿತ್ತು;
ಹಿರಿಯ ಪಾಲುದಾರ ಹೋಲ್ಕೂಂಬ್ ಪೆನ್ನಿಗೆ ಮುಚ್ಚಳ ಹಾಕಿದ.
ಇರೀನಾ ಯಾನಿಕ್ ಎರಡನೇ ಬೆಂಚಿನಲ್ಲಿ
ಕೈಗವಸು ಬಿಚ್ಚದೆ ನೀಲಿಯನ್ನೇ ನೋಡುತ್ತಿದ್ದಳು.

ನನ್ನ ಕಾಲಬಳಿ ಚೀಲ. ಚೀಲದಲ್ಲಿ ಎರಡನೆಯದು.
ನಾನು ಒಳ್ಳೆಯವಳು ಅಂತ ಹೇಳುತ್ತಿಲ್ಲ, ಟೆರೆನ್ಸ್.
ಕೇಬಲ್ ಕೇಳಿದರೆ ಕೊಡುವುದು ಈ ಕಸುಬಿನ ವಾಡಿಕೆ,
ನಾಳೆ ನಮಗೂ ಬೇಕಾದೀತು. ಆದರೆ
ಸಾಬಾ ಕೇಳಿರಲಿಲ್ಲ.

ಎದ್ದೆ. ಟೇಪು ಅಂಟಿಸಿದ ನೆಲ ದಾಟಿ ಹನ್ನೊಂದು ಹೆಜ್ಜೆ.
ಕುತ್ತಿಗೆಯ ಹಿಂದೆ ಹೋಲ್ಕೂಂಬನ ಕಣ್ಣು, ಇಸ್ತ್ರಿಪೆಟ್ಟಿಗೆ.
ಚುಚ್ಚಿದೆ.
ಕ್ಯಾಸಿಮಿರ್ ಬಂದ, ಗೋಡೆಯಗಲ,
ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು.
'ಕೊಟ್ಟಿದ್ದರು,' ಅಂದ. ಆಮೇಲೆ ಕೆಮ್ಮಿದ.
ನಮ್ಮ ಸ್ಪೀಕರು ಒಳ್ಳೆಯವು. ನಾನೇ ಆರಿಸಿದ್ದು.
ಏಳನೇ ನಂಬರಿನ ಜೂರಿ, ಶಾಲಾ ಬಸ್ಸಿನ ಚಾಲಕಿ,
ತನ್ನ ಗಂಟಲು ತಾನೇ ಮುಟ್ಟಿಕೊಂಡಳು.
ಕೆಮ್ಮು ನಿಂತ ಮೇಲೆ ಹದಿನೈದನೇ ಸಾಲು:
'ವಾರಕ್ಕೊಂದು. ಒಂದೇ ಪಾಳಿಗೆ ತುಂಬಿಹೋಗುತ್ತಿತ್ತು.'

ತೀರ್ಪು ಏನಾಯಿತು ಅಂತ ಮೇಲಿನ ಮಹಡಿಯಲ್ಲಿ ಕೇಳು,
ಅಲ್ಲಿ ಒಂದೊಂದು ಬಾಗಿಲಿಗೆ ಒಂದೊಂದು ಕಥೆ.
ನನ್ನನ್ನು ತೆಗೆಯಲಿಲ್ಲ. ಸುತ್ತೋಲೆ ಬಂತು:
ಸಲಕರಣೆ ಹೊರಗಿನವರಿಗೆ ಕೊಡುವ ಮುನ್ನ ಲಿಖಿತ ಅನುಮತಿ.
ಅಗೋ, ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ.

ಆ ಸಂಜೆ ಲೆಕ್ಕ ಬರೆಯಲು ಕೂತೆ.
ಇಲ್ಲಿ ಹೊತ್ತನ್ನು ಆರು ನಿಮಿಷದ ತುಂಡು ಮಾಡಿ ಮಾರುತ್ತೇವೆ.
ನಡೆದದ್ದು, ಚುಚ್ಚಿದ್ದು, ಕೆಮ್ಮು ಕೇಳಿದ್ದು: ಒಂದು ತುಂಡು.
ಯಾರ ಖಾತೆಗೆ?
ಖಾಲಿ ಚೌಕದಲ್ಲಿ ಕರ್ಸರು ಮಿಟುಕುತ್ತಲೇ ಇತ್ತು.

ಕೇಬಲ್ ವಾಪಸು ಬಂತು, ಅಂಚೆಯಲ್ಲಿ, ನೀಟಾಗಿ ಸುತ್ತಿ,
ರಬ್ಬರ್ ಬ್ಯಾಂಡ್ ಹಾಕಿ. ಚೀಟಿ ಇರಲಿಲ್ಲ.
ತಗೋ, ನಾಳೆ ಇದೇ ನಿನ್ನ ಎರಡನೆಯದು.
ಟೇಪು ಮರೆಯಬೇಡ.